ಮನೆ ನೋಡಲು ಬಂದವರು: ದತ್ತಿನ ಸುತ್ತ ಮೂರು ಹಳೆಯ ಹಾಲಿವುಡ್ ಚಿತ್ರಗಳು

ದತ್ತು ಪ್ರಕ್ರಿಯೆಯ ಹೋಮ್ ಸ್ಟಡಿಗೆಂದು, ಅಂದರೆ ಮಗು ಕೇಳಿದವರ ಮನೆ ಮತ್ತು ಸ್ಥಿತಿಗತಿ ನೋಡಲೆಂದು, ಸಮಾಜ ಕಾರ್ಯಕರ್ತೆ ನಮ್ಮ ಮನೆಗೆ ಬರಬೇಕಿದ್ದ ದಿನ ನನ್ನ ಹೆಂಡತಿ ಬೆಳಗಿನ ಐದಕ್ಕೇ ಎದ್ದು ಸ್ಟೂಲ್ ಹತ್ತಿ ಫ್ಯಾನಿನ ರೆಕ್ಕೆ ಒರೆಸುತ್ತಿದ್ದಳು. ಬಂದಾಕೆ ಫ್ಯಾನಿನ ಕಡೆ ತಲೆ ಎತ್ತಲೂ ಇಲ್ಲ. ಸಂಬಳದ ಚೀಟಿ, ವೈದ್ಯರ ಪ್ರಮಾಣಪತ್ರ ನೋಡಿದರು. ಕೊನೆಯಲ್ಲಿ, ನಮ್ಮಿಬ್ಬರಿಗೆ ಜಗಳವಾದರೆ ಮೊದಲು ಮಾತನಾಡಿಸುವವರು ಯಾರು ಎಂದು ಕೇಳಿದರು. ನಾವಿಬ್ಬರೂ ಒಟ್ಟಿಗೇ ‘ನಾನು’ ಎಂದೆವು. ಅದಾಗಿ ಎರಡು ವರ್ಷ ಕಳೆದಿದೆ. ನಾವಿನ್ನೂ ಸರದಿಯಲ್ಲೇ ಇದ್ದೇವೆ.

ಕಾಯುವವರಿಗೆ ಸಂಜೆಗಳು ಉದ್ದವಾಗಿರುತ್ತವೆ. ನಮ್ಮಂಥ ದಂಪತಿಯನ್ನು ಇಟ್ಟುಕೊಂಡು ಯಾರಾದರೂ ನಗುವ ಚಿತ್ರ ಮಾಡಿದ್ದಾರೆಯೇ ಎಂದು ಹುಡುಕಿದಾಗ ಅಮೆರಿಕದ ಮೂರು ಕಪ್ಪು-ಬಿಳುಪು ಚಿತ್ರಗಳು ಸಿಕ್ಕವು. ಮೂರು ಶನಿವಾರ, ಮೂರು ಚಿತ್ರ. ಕಥೆಯ ಕೊನೆಯನ್ನೂ ಹೇಳಲಿದ್ದೇನೆ. ಬೇಡವೆನ್ನುವವರು ಮೊದಲು ನೋಡಿ ಬರಲಿ.

ಮೊದಲನೆಯದು 1958ರ ‘ದಿ ಟನಲ್ ಆಫ್ ಲವ್’. ವಿವರ ಓದಿದಾಗ ಇದು ನಮಗೆಂದೇ ಮಾಡಿದ ಚಿತ್ರ ಅನ್ನಿಸಿತ್ತು. ಕನೆಕ್ಟಿಕಟ್ ರಾಜ್ಯದ ವೆಸ್ಟ್‌ಪೋರ್ಟ್‌ನಲ್ಲಿ ಒಂದು ಮನೆ. ಗಂಡ ಪೂಲ್ ವ್ಯಂಗ್ಯಚಿತ್ರಕಾರ. ಪತ್ರಿಕೆಗೆ ಅವನ ಹಾಸ್ಯ ಬೇಕು, ಅವನು ಬರೆದ ಚಿತ್ರ ಬೇಡ. ಹೆಂಡತಿ ಐಸೋಲ್ಡ್ ಮಗುವಿಗಾಗಿ ಹಂಬಲಿಸುವವಳು. ಪಕ್ಕದ ಮನೆಯವರಿಗೆ ವರ್ಷ ತಿರುಗುವುದರೊಳಗೆ ಇನ್ನೊಂದು ಮಗು. ಈ ಪಕ್ಕದ ಮನೆಯ ಸಂಗತಿಯೊಂದನ್ನಂತೂ ಬಲ್ಲವರೇ ಬರೆದಿದ್ದಾರೆ. ಮಕ್ಕಳಿಲ್ಲದವರ ಪಕ್ಕದಲ್ಲಿ ಯಾವಾಗಲೂ ಅಂಥದ್ದೊಂದು ಮನೆ ಇದ್ದೇ ಇರುತ್ತದೆ, ಅವರು ಸಲಹೆ ಕೊಡುವುದರಲ್ಲೂ ಧಾರಾಳಿಗಳೇ.

ದತ್ತು ಸಂಸ್ಥೆಯಿಂದ ಮನೆ ನೋಡಲು ಬರುವವಳು ಎಸ್ಟೆಲ್ ಎಂಬ ಸುಂದರಿ. ಗಂಡಸರ ನಡತೆಯಿಂದ ಆ ಭೇಟಿ ಕೆಡುತ್ತದೆ. ಅಲ್ಲಿಯವರೆಗೆ ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಮ್ಮ ಫ್ಯಾನಿನ ರೆಕ್ಕೆ ನೆನಪಾಯಿತು. ಆದರೆ ಅಲ್ಲಿಂದ ಮುಂದೆ ಚಿತ್ರಕ್ಕೆ ದತ್ತಿನ ಬಗ್ಗೆ ಆಸಕ್ತಿಯೇ ಉಳಿಯುವುದಿಲ್ಲ. ಪೂಲ್ ಅವಳೊಂದಿಗೆ ಊಟಕ್ಕೆ ಹೋಗುತ್ತಾನೆ. ಮನಸ್ಸನ್ನು ಸಮಾಧಾನಗೊಳಿಸುವ ಮಾತ್ರೆಯನ್ನೂ ನುಂಗಿರುತ್ತಾನೆ. ಎಚ್ಚರವಾದಾಗ ಮೋಟೆಲ್‌ನ ಕೋಣೆಯಲ್ಲಿರುತ್ತಾನೆ, ಏನಾಯಿತೆಂಬುದು ನೆನಪಿಲ್ಲ. ಕೆಲವು ತಿಂಗಳ ನಂತರ ಅವಳು ಬಸುರಿ ಎಂಬ ಸುದ್ದಿ. ಇವನಿಂದ ಸಾವಿರ ಡಾಲರ್. ಕೊನೆಗೆ ದಂಪತಿಗೆ ದತ್ತು ಬಂದ ಮಗುವಿನ ಮುಖದಲ್ಲಿ ಪೂಲ್‌ನದೇ ಹೋಲಿಕೆ! ಮಗು ಅವನದಲ್ಲವೆಂದು ಆಮೇಲೆ ತಿಳಿಯುತ್ತದೆ, ಅದು ಬೇರೆ ಮಾತು. ಆದರೆ ‘ಮಗು ಯಾರದು’ ಎಂಬ ಪ್ರಶ್ನೆಯೇ ಇಲ್ಲದ ಮನೆ ಕಟ್ಟಲು ಹೊರಟವರ ಕಥೆಯಲ್ಲಿ ಇಡೀ ನಗು ಆ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಮಗು ಬಂದಾಗ ನನ್ನ ಹೆಂಡತಿ ಪರದೆಯ ಕಡೆ ಬಾಗಿ ಕುಳಿತಳು. ಚಿತ್ರ ಮಗುವನ್ನು ಬಿಟ್ಟು ಅದರ ಮೂಗನ್ನು ನೋಡುತ್ತಿತ್ತು.

ಇದು ಮೊದಲು ಪೀಟರ್ ಡಿ ವ್ರೀಸ್ 1954ರಲ್ಲಿ ಪ್ರಕಟಿಸಿದ ಕಾದಂಬರಿ. 1957ರಲ್ಲಿ ಬ್ರಾಡ್‌ವೇ ನಾಟಕವಾಗಿ ಗೆದ್ದಿತು. ಆ ನಾಟಕದ ವಾಸನೆ ಚಿತ್ರಕ್ಕೆ ಮೆತ್ತಿಕೊಂಡೇ ಇದೆ. ಸಿನೆಮಾಸ್ಕೋಪಿನ ಅಷ್ಟಗಲದ ಪರದೆ, ಅದರ ತುಂಬ ಒಂದು ಬೈಠಕ್‌ಖಾನೆ. ಒಬ್ಬರು ಈ ತುದಿಯಲ್ಲಿ, ಇನ್ನೊಬ್ಬರು ಆ ತುದಿಯಲ್ಲಿ, ನಡುವೆ ಸೋಫಾ. ನಿರ್ದೇಶಕ ಯಾರೆಂದು ನೋಡಿದರೆ ಜೀನ್ ಕೆಲ್ಲಿ! ‘ಸಿಂಗಿಂಗ್ ಇನ್ ದ ರೇನ್’ನಲ್ಲಿ ಮಳೆಯಲ್ಲಿ ಕುಣಿದಾತ. ತಾನು ನಟಿಸದೆ ನಿರ್ದೇಶನ ಮಾತ್ರ ಮಾಡಿದ ಅವನ ಮೊದಲ ಚಿತ್ರ ಇದು. ಕ್ಯಾಮೆರಾಕ್ಕೆ ಕಾಲು ಬರುವುದು ಅವನು ಅದರ ಮುಂದೆ ಇದ್ದಾಗ ಮಾತ್ರವೇನೋ.

ಡೋರಿಸ್ ಡೇ ಬಗ್ಗೆ ನನ್ನ ತಕರಾರಿಲ್ಲ. ಐಸೋಲ್ಡ್ ಪಾತ್ರಕ್ಕೆ ಆಕೆ ತಂದಿರುವ ಆತುರ, ಅರ್ಜಿ ನಮೂನೆಯ ಮುಂದೆ ಬರುವ ಆ ವಿನಯ, ಎಲ್ಲವನ್ನೂ ನಾವು ಬಲ್ಲೆವು. ಮುಂದಿನ ವರ್ಷವೇ ‘ಪಿಲ್ಲೋ ಟಾಕ್’ ಬಂದು ಆಕೆಯ ಹಾಸ್ಯಕ್ಕೆ ಸರಿಯಾದ ಜಾಗ ಸಿಕ್ಕಿತು. ಪೂಲ್ ಆಗಿರುವ ರಿಚರ್ಡ್ ವಿಡ್ಮಾರ್ಕ್‌ನದೇ ಕಷ್ಟ. 1947ರ ‘ಕಿಸ್ ಆಫ್ ಡೆತ್’ನಲ್ಲಿ ಗಾಲಿಕುರ್ಚಿಯ ಮುದುಕಿಯನ್ನು ಮೆಟ್ಟಿಲ ಮೇಲಿಂದ ತಳ್ಳಿ ಕಿಸಿಕಿಸಿ ನಕ್ಕವನು ಈತನೇ. ಇಲ್ಲಿ ಅವನು ನಕ್ಕಾಗಲೆಲ್ಲ ನನ್ನ ಕಣ್ಣು ಮೆಟ್ಟಿಲನ್ನು ಹುಡುಕುತ್ತಿತ್ತು. ಪಕ್ಕದ ಮನೆಯ ಗಿಗ್ ಯಂಗ್ ಬಾಯಿ ತೆರೆದರೆ ಮಾತ್ರ ಹಾಸ್ಯ ತಾನಾಗಿ ಬರುತ್ತದೆ.

ಎರಡನೆಯ ಶನಿವಾರಕ್ಕೆ 1952ರ ‘ರೂಮ್ ಫಾರ್ ಒನ್ ಮೋರ್’. ಇದನ್ನು ಬೇಗ ಮುಗಿಸುತ್ತೇನೆ. ಚಿತ್ರ ಕೆಟ್ಟದ್ದೆಂದಲ್ಲ, ನಮ್ಮಂಥವರ ಕಥೆಯಲ್ಲ ಎಂದು. ಕ್ಯಾರಿ ಗ್ರ್ಯಾಂಟ್ ಮತ್ತು ಬೆಟ್ಸಿ ಡ್ರೇಕ್ ಇಲ್ಲಿಯ ದಂಪತಿ. ಆಗ ನಿಜ ಜೀವನದಲ್ಲೂ ಅವರು ಗಂಡ ಹೆಂಡತಿ. ಮನೆಯಲ್ಲಿ ಆಗಲೇ ಮೂರು ಮಕ್ಕಳಿದ್ದಾರೆ. ಹೆಂಡತಿ ಯಾರಿಗೂ ಬೇಡವಾದ ದೊಡ್ಡ ಮಕ್ಕಳನ್ನು ಕರೆತರುತ್ತಾಳೆ: ಮೊದಲು ಸಿಡುಕು ಹುಡುಗಿ ಜೇನ್, ಆಮೇಲೆ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡ ಜಿಮ್ಮಿ ಜಾನ್. ಆನಾ ಪೆರಟ್ ರೋಸ್ ತಮ್ಮದೇ ಮನೆಯ ಬಗ್ಗೆ ಬರೆದ ನೆನಪುಗಳು ಇದಕ್ಕೆ ಆಧಾರ. ಹೆಂಡತಿಯೊಂದಿಗೆ ಒಂದು ಗಳಿಗೆ ಏಕಾಂತ ಸಿಗದೆ ಒದ್ದಾಡುವ ಗ್ರ್ಯಾಂಟ್‌ನ ಪಾಡು ನಗು ತರಿಸುತ್ತದೆ. ಸ್ಕೌಟ್‌ನ ಅತ್ಯುನ್ನತ ಪದವಿ ಪಡೆದ ಜಿಮ್ಮಿ ಜಾನ್ ವೇದಿಕೆ ಹತ್ತಿದಾಗ ಕಣ್ಣು ತೇವವಾಗುತ್ತದೆ. ಹಸುಗೂಸಿಗೆ ಉದ್ದನೆಯ ಸರದಿ, ಎಂಟು ಹತ್ತು ವರ್ಷದ ಮಗುವಿಗೆ ಕೇಳುವವರೇ ಕಡಿಮೆ ಎಂಬ ಸಂಗತಿ ಅಂದಿನ ಅಮೆರಿಕದಲ್ಲೂ ಹಾಗೇ ಇತ್ತೆಂದು ತಿಳಿದು ನಾವಿಬ್ಬರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ನಮ್ಮ ಅರ್ಜಿಯಲ್ಲೂ ‘ಎರಡು ವರ್ಷದೊಳಗಿನ ಮಗು’ ಎಂದೇ ಗುರುತು ಹಾಕಿದ್ದೇವೆ. ಆದರೂ ಮೂರು ಮಕ್ಕಳ ಮನೆಯ ಗದ್ದಲದಲ್ಲಿ ನಮಗೆ ಕೂರಲು ಜಾಗ ಸಿಗಲಿಲ್ಲ.

ಮೂರನೆಯದನ್ನು ನೋಡಲು ನನಗೆ ಮನಸ್ಸಿರಲಿಲ್ಲ. 1941ರ ‘ಪೆನ್ನಿ ಸೆರಿನೇಡ್’ ಅಳಿಸುವ ಚಿತ್ರ ಎಂಬುದು ಎಲ್ಲರ ಮಾತು. ಹಕ್ಕುಸ್ವಾಮ್ಯ ನವೀಕರಿಸದ ಕಾರಣ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ನಾವು ಮೊದಲು ತೆರೆದ ಪ್ರತಿಯಲ್ಲಿ ಮುಖಗಳೆಲ್ಲ ಮಜ್ಜಿಗೆಯಲ್ಲಿ ಅದ್ದಿದಂತಿದ್ದವು. ಮೂರನೆಯ ಪ್ರತಿ ಪರವಾಗಿಲ್ಲ.

ಇಲ್ಲಿಯೂ ಕ್ಯಾರಿ ಗ್ರ್ಯಾಂಟ್. ಜೊತೆಗೆ ಐರೀನ್ ಡನ್. ಬಿಟ್ಟು ಹೋಗಲು ಸಿದ್ಧಳಾದ ಹೆಂಡತಿ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಒಂದೊಂದಾಗಿ ಹಾಕುತ್ತಾಳೆ, ಒಂದೊಂದು ಹಾಡಿಗೂ ದಾಂಪತ್ಯದ ಒಂದೊಂದು ತುಣುಕು ತೆರೆದುಕೊಳ್ಳುತ್ತದೆ. ಜಪಾನಿನ ಭೂಕಂಪದಲ್ಲಿ ಅವಳ ಗರ್ಭ ಹೋಗುತ್ತದೆ. ಕ್ಯಾಲಿಫೋರ್ನಿಯದ ಸಣ್ಣ ಊರಿನಲ್ಲಿ ಗಂಡ ಪತ್ರಿಕೆ ಶುರುಮಾಡುತ್ತಾನೆ, ಮುದ್ರಣಾಲಯದ ಮೇಲೆಯೇ ಮನೆ. ದತ್ತು ಸಂಸ್ಥೆಯ ಮಿಸ್ ಆಲಿವರ್ ಆಗಿ ಬ್ಯೂಲಾ ಬಾಂಡಿ. ಮಾತು ಕಡಿಮೆ, ಕಣ್ಣು ಚುರುಕು. ದಂಪತಿ ಕೇಳಿದ್ದು ನೀಲಿ ಕಣ್ಣು, ಗುಂಗುರು ಕೂದಲಿನ ಎರಡು ವರ್ಷದ ಗಂಡು ಮಗು. ಆಕೆ ತೋರಿಸುವುದು ಐದು ವಾರದ ಹೆಣ್ಣು ಮಗು. ಎಸ್ಟೆಲ್ ಕಥೆಗೆ ತಿರುವು ಕೊಡಲು ಬಂದವಳು, ಈಕೆ ಮನೆ ನೋಡಲು ಬಂದವಳು. ನಮ್ಮ ಮನೆಗೆ ಬಂದಾಕೆಯ ಮುಖ ನಾನು ಕಂಡದ್ದು ಬಾಂಡಿಯಲ್ಲಿ.

ಆಮೇಲೆ ಆ ಮೊದಲ ರಾತ್ರಿ. ಮಲಗಿದ ಮಗು ಏಳಬಾರದೆಂದು ಇಬ್ಬರು ದೊಡ್ಡವರು ತಮ್ಮದೇ ಮನೆಯಲ್ಲಿ ಕಳ್ಳರಂತೆ ಓಡಾಡುತ್ತಾರೆ. ಇಲ್ಲಿ ಸಂಶಯವಿಲ್ಲ, ಮೋಟೆಲ್ ಇಲ್ಲ, ನಗಿಸಲು ಹೆದರಿಕೆಯೊಂದೇ ಸಾಕಾಗಿದೆ. ಮರುದಿನದ ಸ್ನಾನದ ಪ್ರಸಂಗವಂತೂ ಇನ್ನೂ ಸೊಗಸು. ಸೋಪು ಹಚ್ಚಿದ ಮಗು ಕೈಯಿಂದ ಜಾರಿದರೆ ಎಂದು ತಾಯಿಯ ಕೈ ನಡುಗುತ್ತದೆ. ಎಲ್ಲರೂ ಸುತ್ತ ನಿಂತು ನೋಡುತ್ತಿದ್ದಾರೆ. ಆಗ ಮುದ್ರಣಾಲಯದ ಒರಟು ಗೆಳೆಯ ಆಪಲ್‌ಜಾಕ್ ಮುಂದೆ ಬಂದು ಮಗುವನ್ನು ತೊಳೆದು ಒರೆಸಿ ಬಟ್ಟೆ ಕಟ್ಟಿಬಿಡುತ್ತಾನೆ. ಎಡ್ಗರ್ ಬ್ಯೂಕನನ್ ಆ ಪಾತ್ರದಲ್ಲಿದ್ದಾನೆ. ‘ಟನಲ್’ನ ಒಂದೂವರೆ ಗಂಟೆಯಲ್ಲಿ ಬಾರದಂಥ ನಗು ಈ ಐದು ನಿಮಿಷದಲ್ಲಿ ಬಂತು.

ದುಡ್ಡಿನ ವಿಷಯದಲ್ಲೂ ಅಷ್ಟೆ. ಅಲ್ಲಿ ಸಾವಿರ ಡಾಲರ್ ಎಂದರೆ ಗುಟ್ಟು ಮುಚ್ಚುವ ಲಕೋಟೆ. ಇಲ್ಲಿ ಪತ್ರಿಕೆ ಮುಚ್ಚಿದೆ, ವರಮಾನವಿಲ್ಲ. ಒಂದು ವರ್ಷದ ಪರೀಕ್ಷಾ ಅವಧಿ ಮುಗಿಯುವಾಗ ನ್ಯಾಯಾಧೀಶರು ಮಗುವನ್ನು ಹಿಂದಿರುಗಿಸಬೇಕೆನ್ನುತ್ತಾರೆ. ತುಂಟ ನಗೆಯ ಗ್ರ್ಯಾಂಟ್ ಮಗುವನ್ನು ಎತ್ತಿಕೊಂಡು ಬೇಡುತ್ತಾನೆ. ಸಂಬಳದ ಚೀಟಿಗಳನ್ನು ಜೋಡಿಸಿ ದತ್ತು ಅರ್ಜಿಯ ಪೋರ್ಟಲ್‌ಗೆ ಏರಿಸಿದವನು ಆ ದೃಶ್ಯವನ್ನು ಬೇರೆಯೇ ರೀತಿ ನೋಡುತ್ತಾನೆ. ಗ್ರ್ಯಾಂಟ್‌ಗೆ ಮೊದಲ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದು ಈ ಚಿತ್ರಕ್ಕೇ.

ಹಾಗೆಂದು ಇದು ಕುಂದಿಲ್ಲದ ಚಿತ್ರವಲ್ಲ. ದತ್ತು ತಂದ ಆ ಹೆಣ್ಣು ಮಗು ಟ್ರೀನಾ ಆರು ವರ್ಷದವಳಿದ್ದಾಗ ಸಾಯುತ್ತಾಳೆ. ಆ ಸುದ್ದಿ ಮಿಸ್ ಆಲಿವರ್‌ಗೆ ಬರೆದ ಕಾಗದದಲ್ಲಿ ಬರುತ್ತದೆ. ನನ್ನ ಹೆಂಡತಿ ಅಲ್ಲಿಗೆ ನಿಲ್ಲಿಸಿ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದಳು, ತೊಳೆದ ಪಾತ್ರೆಗಳನ್ನೇ. ಕೊನೆಗೆ ಮಿಸ್ ಆಲಿವರ್‌ಳ ದೂರವಾಣಿ ಕರೆ: ಮೊದಲು ಕೇಳಿದ್ದಂಥದೇ ಎರಡು ವರ್ಷದ ಗಂಡು ಮಗು ಬಂದಿದೆ. ದಂಪತಿ ಮತ್ತೆ ಒಂದಾಗುತ್ತಾರೆ. ಒಂದು ಮಗುವಿನ ಜಾಗಕ್ಕೆ ಇನ್ನೊಂದನ್ನು ತಂದು ಕೂರಿಸಿದಂತಿರುವ ಈ ಮುಕ್ತಾಯವನ್ನು ನಾನು ಒಪ್ಪುವುದಿಲ್ಲ. ಹೆಂಡತಿ ಒಪ್ಪುತ್ತಾಳೆ. ಇದರ ಬಗ್ಗೆ ಎರಡು ದಿನ ವಾದವಾಯಿತು. ಮೊದಲು ಮಾತನಾಡಿಸಿದವನು ನಾನು.

ಹಗುರವಾದ ಸಂಜೆಗೆ ಯಾವುದು ಎಂದು ಯಾರಾದರೂ ಕೇಳಿದರೆ ‘ಟನಲ್’ ಎನ್ನುತ್ತೇನೆ, ಆದರೆ ದತ್ತಿಗೆ ಅರ್ಜಿ ಹಾಕದವರಿಗೆ ಮಾತ್ರ. ಮಕ್ಕಳಿರುವ ಮನೆಗೆ ‘ರೂಮ್ ಫಾರ್ ಒನ್ ಮೋರ್’. ಸರದಿಯಲ್ಲಿ ನಿಂತವರು ‘ಪೆನ್ನಿ ಸೆರಿನೇಡ್’ ನೋಡಲಿ, ನ್ಯಾಯಾಲಯದ ದೃಶ್ಯ ಮುಗಿದ ಕೂಡಲೇ ಬೇಕಿದ್ದರೆ ಟಿವಿ ಆರಿಸಲಿ.

ಕಳೆದ ವಾರ ಅತ್ತೆ ಬಂದಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡವೆಂದು ನಮ್ಮನ್ನು ಗದರಿದವರೇ ಚೀಲದಲ್ಲಿ ಎರಡು ಕುಲಾವಿ ಹೆಣೆದು ತಂದಿದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲವೆಂದು ಮಾತೇ ಬೇಡದ ಸ್ನಾನದ ಪ್ರಸಂಗವನ್ನಷ್ಟೇ ಹಾಕಿ ತೋರಿಸಿದೆವು. ಕನ್ನಡಕ ಸರಿಪಡಿಸಿಕೊಂಡು ಕೊನೆಯವರೆಗೂ ನೋಡಿದರು. ‘ಗಂಡಸಾದರೂ ಕತ್ತು ಹಿಡಿಯುವುದು ಗೊತ್ತಿದೆ’ ಎಂದರು. ಸ್ವಲ್ಪ ತಡೆದು, ‘ಅಲ್ಲ, ಎಣ್ಣೆ ಹಚ್ಚದೆ ಯಾರಾದರೂ ನೀರು ಹಾಕುತ್ತಾರೆಯೇ? ಕಾಲು ನೀಡಿಕೊಂಡು ಮಲಗಿಸಿಕೊಳ್ಳಲೂ ಇಲ್ಲ. ನೀವು ಇದನ್ನೆಲ್ಲ ನೋಡಿ ಕಲಿಯಬೇಡಿ, ನಾನು ಬಂದು ಇರುತ್ತೇನೆ’ ಎಂದರು.