ಕೊಂಬೆ ಸವರುವ ಸೇವೆ: ಮರದ ಮೇಲೆ ಅಚ್ಚುಕಟ್ಟು, ನೆಲದ ಮೇಲೆ ಅಲ್ಲ

ನಮ್ಮ ಮನೆಯ ಮುಂದಿನ ಹೊಂಗೆಮರದ ಕೊಂಬೆಗಳು ಮಳೆಗಾಲದ ಹೊತ್ತಿಗೆ ಬೀದಿದೀಪವನ್ನು ಮುಚ್ಚಿ, ಪಾದಚಾರಿಗಳ ತಲೆಗೆ ತಾಗುವಷ್ಟು ಇಳಿಬಿದ್ದಿದ್ದವು. ನಗರ ಪಾಲಿಕೆಯ ಅರಣ್ಯ ವಿಭಾಗಕ್ಕೆ ಫೋಟೊ ಸಹಿತ ದೂರು ಕೊಟ್ಟು ಅವನ್ನು ಸವರಿಸಿದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೂಲಿಯವರನ್ನು ಕರೆಸಿ ನಾವೇ ಕಡಿಸಿಬಿಡೋಣವೆಂದು ನೆರೆಯವರು ಹೇಳಿದ್ದರು. ಆದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುವ ಪ್ರದೇಶಗಳಲ್ಲಿ, ಕಾಯ್ದೆಯೇ ವಿನಾಯಿತಿ ಕೊಟ್ಟಿರುವ ಮರಗಳನ್ನು ಬಿಟ್ಟರೆ, ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಸ್ವಂತ ಜಾಗದ ಮರವನ್ನೂ ಕಡಿಯುವಂತಿಲ್ಲ. ರಸ್ತೆಬದಿಯ ಮರವಂತೂ ನಮ್ಮದೇ ಅಲ್ಲ. ಇತ್ತ, ಕಾಂಪೌಂಡಿನಿಂದ ಬೀದಿಗೆ ಚಾಚಿ ಸಂಚಾರಕ್ಕೆ ಅಡ್ಡಿಯಾಗುವ ಬೇಲಿ, ಮರಗಳನ್ನು ಸವರಿಸುವಂತೆ ಮಾಲೀಕರಿಗೇ ನೋಟಿಸು ಕೊಡುವ ಅಧಿಕಾರ ಪಾಲಿಕೆಗಿದೆ. ಹೊಂಗೆಯ ಮೇಲೆ ದೂರು ಹೇಳಿದ ನನಗೆ, ಸ್ಥಳ ಪರಿಶೀಲನೆಗೆ ಬಂದವರು ನಮ್ಮದೇ ಗೋಡೆ ದಾಟಿ ಹೊರಚೆಲ್ಲಿದ್ದ ಕಾಗದದ ಹೂವಿನ ಮುಳ್ಳುಗಿಡವನ್ನು ಬೆರಳು ಮಾಡಿ ತೋರಿಸಿದಾಗ ನಾಚಿಕೆಯಾಯಿತು. ಅದನ್ನು ಅಂದೇ ಸಂಜೆ ಕತ್ತರಿಸಿದೆ.

ಕೆಲಸಗಾರರ ಕೈಚಳಕಕ್ಕೆ ಪೂರ್ಣ ಅಂಕ. ಲೈನ್‌ಮನ್ ಬಂದು ತಂತಿಯ ಕರೆಂಟು ತೆಗೆಯುವವರೆಗೆ ಅವರು ಗರಗಸವನ್ನೇ ಮುಟ್ಟಲಿಲ್ಲ. ದಪ್ಪ ಕೊಂಬೆಗೆ ಮೊದಲು ಕಾಂಡದಿಂದ ಒಂದಡಿಯಷ್ಟು ದೂರದಲ್ಲಿ ಅಡಿಯಿಂದ ಅರೆಕೊಯ್ತ ಹಾಕಿ, ಬಳಿಕ ಮೇಲಿನಿಂದ ಕೊಯ್ದು ಬೀಳಿಸಿ, ಕೊನೆಗೆ ಉಳಿದ ಮೋಟನ್ನು ಬುಡದ ಉಬ್ಬಿಗೆ ಗಾಯವಾಗದಂತೆ ತೆಗೆದರು. ಹೀಗೆ ಮಾಡಿದರೆ ಬೀಳುವ ಭಾರಕ್ಕೆ ತೊಗಟೆ ಸುಲಿಯುವುದಿಲ್ಲ, ಗಾಯವೂ ಚೆನ್ನಾಗಿ ಕೂಡುತ್ತದೆ. ಒಂದೇ ಬದಿಯನ್ನು ಬೋಳಿಸಿ ಮರವನ್ನು ವಾಲಿಸುವ ಚಾಳಿಯನ್ನು ಬೇರೆ ಬೀದಿಗಳಲ್ಲಿ ಕಂಡಿದ್ದ ನನಗೆ ಇದು ಸಮಾಧಾನ ತಂದಿತು.

ಕೊರತೆಯೆಲ್ಲ ಆಮೇಲಿನದು. ಕಡಿದ ಸೊಪ್ಪುಸದೆಯನ್ನು ಸಾಗಿಸುವುದು ಬೇರೆ ಗುತ್ತಿಗೆದಾರನ ಪಾಲಂತೆ. ಅವನ ಲಾರಿ ಬಂದದ್ದು ಆರನೆಯ ದಿನ. ಅಲ್ಲಿಯವರೆಗೆ, ತಲೆಗೆ ತಾಗುತ್ತಿದ್ದ ಕೊಂಬೆಗಳೇ ಕಾಲಿಗೆ ತೊಡರುತ್ತ ಪಾದಚಾರಿ ಮಾರ್ಗದಲ್ಲಿ ಬಿದ್ದಿದ್ದವು, ಶಾಲೆಯ ಮಕ್ಕಳು ವಾಹನಗಳ ನಡುವೆ ರಸ್ತೆಗಿಳಿದು ನಡೆದರು. ಅಡ್ಡಿ ನಿವಾರಣೆಗೆಂದೇ ಇರುವ ಸೇವೆಯಲ್ಲಿ ಇದನ್ನು ಸಣ್ಣ ತಪ್ಪೆನ್ನಲಾರೆ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ದೂರು ಕೊಡುವವರು ಕೊಂಬೆ ಸವರುವ ದಿನವನ್ನಷ್ಟೇ ಅಲ್ಲ, ಲಾರಿ ಬರುವ ದಿನವನ್ನೂ ಮೊದಲೇ ಕೇಳಿ, ದೂರಿನ ಸಂಖ್ಯೆಯ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.