ಏರ್‌ಶೋಗೆ ಪ್ಲೇನ್ ಹಾರಿಸ್ಕೊಂಡ್ ಹೋಗದಾ, ಲಾರಿಲಾ?

ಚಿಕ್ಕಮಗಳೂರಿನ ಗೆಳೆಯರೊಬ್ರು ಕೇಳಿದ್ರು, ಎರಡು ಸೀಟಿನ ಮೈಕ್ರೋಲೈಟನ್ನ (ಪುಟ್ಟ ಹಗುರ ವಿಮಾನ) ಯಲಹಂಕದ ಕಡೆ ಶೋಗೆ ಹೆಂಗೆ ಸಾಗಿಸೋದು ಅಂತ. ನೋಡಿ ಮಾರಾಯ್ರೆ, ಮೊದ್ಲು ಅದು ಅಲ್ಲಿ ಹಾರ್ಬೇಕಾ, ಇಲ್ಲ ಸುಮ್ನೆ ನಿಂತಿರ್ಬೇಕಾ ಹೇಳಿ.

ಖರ್ಚಲ್ಲಿ ಹಾರೋದೇ ಅಗ್ಗ. ಇಂಥ ಇಂಜಿನ್ನು ಗಂಟೆಗೆ ಸುಮಾರು 15-20 ಲೀಟರ್ ಕುಡಿಯುತ್ತೆ, ನೇರ ಹಾರಿದ್ರೆ ದೂರ 200 ಕಿಮೀ ಆಸುಪಾಸು, ಸುಮಾರು ಎರಡು ಗಂಟೆ. ಆದ್ರೆ ಹೊರಡೋಕೆ ರನ್‌ವೇ ಬೇಕು, ಪರ್ಮಿಷನ್ ಬೇಕು, ಬೆಳಗ್ಗೆ ಮಂಜು ಬಿದ್ರೆ ಬಿಸಿಲು ಬರೋತನಕ ಕಾಯ್ಲೇಬೇಕು.

ಲಾರಿಗೆ ಮಂಜಿನ ಚಿಂತೆ ಇಲ್ಲ. ರೆಕ್ಕೆ ಬಿಚ್ಚಿ, ತೊಟ್ಟಿಲಿನ ಥರ ಸ್ಟ್ಯಾಂಡ್ ಮಾಡಿ, ದಪ್ಪ ಫೋಮ್ ಕಟ್ಟಿ ಕಳಿಸೋದು. ತೊಂದ್ರೆ ಶುರುವಾಗೋದು ಇಳಿಸಿದ್ಮೇಲೆ, ಪ್ರತಿ ಪಿನ್ನು, ಕೇಬಲ್ಲು, ಕಂಟ್ರೋಲು ಜೋಡ್ಸಿ ಇಂಜಿನಿಯರ್ ಚೆಕ್ ಮಾಡ್ದೆ ಹಾರಿಸೋಂಗಿಲ್ಲ, ಆ ದಿನಗಳ ಲೆಕ್ಕ ಯಾರೂ ಹಾಕಲ್ಲ. ನಮ್ಮ ರೋಡ್ ಹಂಪುಗಳ ಬಗ್ಗೆ ನಾನ್ ಹೇಳ್ಬೇಕಾ! ಟ್ರಾನ್ಸಿಟ್ ಇನ್ಶೂರೆನ್ಸ್ ಬೇರೆ ಮಾಡ್ಸಿ, ಹಾರಾಟದ ಪಾಲಿಸಿ ಲಾರಿಗೂ ಅನ್ವಯಿಸುತ್ತೆ ಅಂತ ಅಂದ್ಕೊಬೇಡಿ.

ಕಂಟೇನರ್ ಸಮುದ್ರ ದಾಟೋರಿಗೆ. 40 ಅಡಿ ಪೆಟ್ಟಿಗೆ ಒಳಗೆ ಅಗಲ ಬರೀ 2.35 ಮೀಟರ್, ಹಡಗಿಗೆ ವಾರಗಟ್ಲೆ ಹಿಡಿಯುತ್ತೆ. ದೊಡ್ಡ ಮಿಲಿಟರಿ ವಿಮಾನಕ್ಕೆ ಇದ್ಯಾವ್ದೂ ಬೇಡ, 2021ರ ಏರೋ ಇಂಡಿಯಾಗೆ ಬಿ-1ಬಿ ಬಾಂಬರ್ ಅಮೆರಿಕದಿಂದ ಹಾರ್ಕೊಂಡೇ ಬಂತು.

ಬರೀ ಪ್ರದರ್ಶನಕ್ಕೆ ಇಡೋದಾದ್ರೆ, ಇಲ್ಲ ಹಾರೋ ಸ್ಥಿತಿಲೇ ಇಲ್ದಿದ್ರೆ ಲಾರಿ. ಶೋನಲ್ಲಿ ಹಾರ್ಬೇಕು, ಪೇಪರ್ ಎಲ್ಲಾ ಸರಿ ಇದೆ ಅಂದ್ರೆ ಹಾರಿಸ್ಕೊಂಡೇ ಹೋಗಿ, ಎರಡು ದಿನ ಮುಂಚೆ.