ಹಾಲ್ ಭರ್ಜರಿ, ಸ್ಟೇಜ್ ಮಾತ್ರ ಕಿವುಡು

ಬದಿಯಡ್ಕ ಕಡೆಯ ಹೊಸ ಹಾಲ್ ಒಂದರಲ್ಲಿ ಆಟಿ ತಿಂಗಳ ತಾಳಮದ್ದಳೆಗೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಮದ್ದಳೆ ಬಾರಿಸಲು ಹೋಗಿದ್ದೆ. ಹೆಸರು ಬೇಡ. ಮದುವೆಗಾದರೆ ಕಣ್ಣು ಮುಚ್ಚಿ ಬುಕ್ ಮಾಡಿ. ಪಾರ್ಕಿಂಗ್ ಇದೆ, ಊಟಕ್ಕೆ ಬೇರೆ ಹಾಲ್, ಬಾತ್‌ರೂಮ್ ಚೊಕ್ಕ. ಹಾಡುಗಾರಿಕೆಗೆ, ಹಿಮ್ಮೇಳಕ್ಕೆ ಆದರೆ ಸ್ವಲ್ಪ ಯೋಚಿಸಿ.

ಸ್ಟೇಜ್ ನೋಡಲಿಕ್ಕೆ ಚೆಂದ. ಅದೇ ತೊಂದರೆ! ಹಿಂದೆ ಉದ್ದಕ್ಕೂ ದಪ್ಪ ವೆಲ್ವೆಟ್ ಪರದೆ, ಎರಡೂ ಬದಿ ಖಾಲಿ, ಶೀಟಿನ ಮಾಡು ಎಲ್ಲೋ ಮೇಲೆ. ಹತ್ತಿರದ ಗಟ್ಟಿ ಗೋಡೆಗೋ ಹಲಗೆಗೋ ತಾಗಿ ಥಟ್ಟನೆ ವಾಪಸ್ ಬರುವ ಶಬ್ದದಿಂದಲೇ ಅಲ್ವಾ ಹಾಡುವವರಿಗೆ ತಮ್ಮ ಸ್ವರದ ಅಂದಾಜು ಸಿಗುವುದು? ಇಲ್ಲಿ ಅದನ್ನೆಲ್ಲ ವೆಲ್ವೆಟ್ ನುಂಗುತ್ತದೆ. ವಾಪಸ್ ಬರುವುದು ಎದುರಿನ ಗೋಡೆಗೆ ಬಡಿದದ್ದು ಮಾತ್ರ. ಆ ಗೋಡೆ ಸುಮಾರು 30 ಮೀಟರ್ ದೂರ. ಶಬ್ದ ಸೆಕೆಂಡಿಗೆ 340 ಮೀಟರ್ ಓಡಿದರೂ ಹೋಗಿ ಬರಲು ಸುಮಾರು 0.18 ಸೆಕೆಂಡ್ ಬೇಕು. ನಿಧಾನದ ಪದ್ಯಕ್ಕೆ ಹೇಗೋ ಸುಧಾರಿಸಬಹುದು, ಆದರೆ ಯುದ್ಧದ ಪದ್ಯ ಏರಿದಾಗ ನಾನು ಬಾರಿಸಿದ ಪೆಟ್ಟೇ ಇನ್ಯಾರೋ ತಾಳ ತಪ್ಪಿ ಬಾರಿಸಿದ ಹಾಗೆ ಕಿವಿಗೆ ಬೀಳುತ್ತದೆ. ಭಾಗವತರ ಕೈಯಲ್ಲಿ ಜಾಗಟೆ, ಪಾಪ, ಶ್ರುತಿಪೆಟ್ಟಿಗೆಯನ್ನು ಮೊಣಕಾಲಲ್ಲೇ ಹತ್ತಿರ ಸರಿಸಿಕೊಳ್ಳುತ್ತಾ ಹಾಡಿದರು.

ಮೈಕಿನವರಿಗೆ ಹೇಳಿದರೆ ಮಾನಿಟರ್, ಅಂದರೆ ನಮ್ಮ ಕಡೆಗೆ ತಿರುಗಿಸಿಟ್ಟ ಸ್ಪೀಕರ್, ಜಾಸ್ತಿ ಮಾಡಿದರು. ಕೂಡಲೇ ಕುಂಯ್ ಅಂತ ಹೌಲಿಂಗ್. ಮೇಲಿಂದ ಶೀಟಿಗೆ ಆಟಿಯ ಮಳೆ ಬೇರೆ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 1973ರಲ್ಲಿ ಶುರುವಾದ ಸಿಡ್ನಿ ಒಪೆರಾ ಹೌಸಿನ ಕನ್ಸರ್ಟ್ ಹಾಲ್‌ನಲ್ಲಿ ಸ್ಟೇಜಿನ ಮೇಲಿನ ಛಾವಣಿ 25 ಮೀಟರಿನಷ್ಟು ಎತ್ತರ. ಒಬ್ಬರು ನುಡಿಸಿದ್ದು ಇನ್ನೊಬ್ಬರಿಗೆ ಸರಿಯಾಗಿ ಕೇಳುವುದಿಲ್ಲ ಅಂತ ಕಲಾವಿದರು ವರ್ಷಗಟ್ಟಲೆ ದೂರಿದರು. ಮೇಲೆ ತೂಗಿಸಿದ್ದ ಅಕ್ರಿಲಿಕ್ ಉಂಗುರಗಳು ಸಾಕಾಗಲಿಲ್ಲ. ಕೊನೆಗೆ ಹೂವಿನ ಎಸಳಿನಂಥ ಹೊಸ ಹಲಗೆಗಳನ್ನು ತೂಗಿಸಿ 2022ರಲ್ಲಿ ಮತ್ತೆ ತೆರೆದರು.

ನಮ್ಮಲ್ಲಿ ಅಷ್ಟೆಲ್ಲ ಖರ್ಚು ಯಾರು ಮಾಡುತ್ತಾರೆ? ಚಾ ಬಿಡುವಿನಲ್ಲಿ ಸ್ಟೋರ್ ರೂಮಿನಿಂದ ಪ್ಲೈವುಡ್ ಬೋರ್ಡುಗಳನ್ನು ತಂದು ನಮ್ಮ ಬೆನ್ನ ಹಿಂದೆ ಸ್ವಲ್ಪ ಓರೆಯಾಗಿ ನಿಲ್ಲಿಸಿದೆವು. ಫೋಟೋ ಚೆಂದ ಬರಲಿ ಅಂತ ದೂರ ದೂರ ಕೂರಿಸಿದ್ದವರನ್ನು ಹತ್ತಿರ ಎಳೆದೆವು. ಆಮೇಲೆ ಚೆಂಡೆಯ ಉರುಳಿಕೆ ಬಿಡಿಬಿಡಿಯಾಗಿ ಕೇಳಿತು, ಮಾನಿಟರನ್ನೂ ಅರ್ಧಕ್ಕೆ ಇಳಿಸಿದರು. ಫೋಟೋದವನಿಗೆ ಮಾತ್ರ ಬೇಜಾರು.

ಐದಕ್ಕೆ ಎರಡೂವರೆ ಕೊಡುತ್ತೇನೆ. ಬುಕ್ ಮಾಡುವ ಮೊದಲು ಪರದೆ ಸರಿಸಲು ಆಗುತ್ತದಾ ಅಂತ ಕೇಳಿ. ನಾವು ಕೇಳಿದಾಗ ಪೈಪಿಗೆ ತಂತಿ ಸುತ್ತಿ ಬಿಗಿದಾಗಿತ್ತು.